ಮಲಗಿದರೆ ತೊಂಬತ್ತಾರು

ಕೊಲ್ಲಿ ದೇಶದ ಜಾಬ್ರಿಯಾದ ಆಸ್ಪತ್ರೆಯಲ್ಲಿ ಅಂಗಾತ ಮಲಗಿದ್ದ ಸದಾನಂದನ ಬೆರಳಿಗೆ ಡಾಕ್ಟರ್ ಚಂದ್ರಪ್ರಭಾ ಆಮ್ಲಜನಕ ಅಳೆಯುವ ಕ್ಲಿಪ್ಪು ಸಿಕ್ಕಿಸಿದರು. ಪರದೆಯ ಮೇಲೆ ತೊಂಬತ್ತಾರು ಮೂಡಿತು.

“ಉಸಿರಾಟಕ್ಕೆ ಕಷ್ಟ ಅಂದ್ರಲ್ಲ, ಯಾವಾಗ ಆಗುತ್ತೆ?”

“ಎದ್ದರೆ ಮಾತ್ರ ಡಾಕ್ಟ್ರೇ. ಮಲಗಿದರೆ ಎಂತ ಇಲ್ಲ.”

ಹೆಂಡತಿ ಕುಸುಮಾವತಿಗೆ ತಡೆಯಲಾಗಲಿಲ್ಲ. “ಕೇಳಿದ್ರಾ? ಕಸದ ಚೀಲ ಕೆಳಗಿಟ್ಟು ಬನ್ನಿ ಅಂದ್ರೆ ಏದುಸಿರು. ಅಂಗಡಿಯಿಂದ ಖುಬ್ಬೂಸ್ ರೊಟ್ಟಿ ತನ್ನಿ ಅಂದ್ರೆ ಏದುಸಿರು. ಮಲಗಿ ಫೋನ್ ನೋಡ್ಲಿಕ್ಕೆ ಮಾತ್ರ ಎಂತ ತೊಂದರೆಯೂ ಇಲ್ಲ! ನಾನು ಇವರಿಗೆ ನನ್ನ ಲಿವರಿನ ತುಂಡು ಕೊಡ್ಲಿಕ್ಕೆ ತಯಾರಾಗಿ ಕೂತಿದ್ದೇನೆ. ಇವರ ಸೋಮಾರಿತನದಿಂದ ಆಪರೇಷನ್ ನಿಂತುಹೋದ್ರೆ?”

ಡಾಕ್ಟರ್ ಬಾಯಿ ತೆರೆಯುವಷ್ಟರಲ್ಲಿ ಸದಾನಂದನ ಫೋನು ಬಡಿದುಕೊಂಡಿತು. ಊರಿನಿಂದ ಸೋದರಮಾವನ ವಿಡಿಯೊ ಕರೆ. ಅಪ್ಪನಿಲ್ಲದ ಅವನನ್ನು ಸಾಕಿ ಬೆಳೆಸಿದ ಮಾವ. ಸದಾನಂದ ತನ್ನ ಮದುವೆಯ ದಿನ ಕೂಡ ಅವರೆದುರು ಕುರ್ಚಿಯಲ್ಲಿ ಕೂತವನಲ್ಲ. ಮಂಚದಿಂದ ಧಡಕ್ಕನೆ ಇಳಿದು, ಅಂಗಿ ಎಳೆದುಕೊಂಡು, ನೆಟ್ಟಗೆ ನಿಂತ.

“ಹೌದು ಮಾವ.” ಯಂತ್ರದಲ್ಲಿ ತೊಂಬತ್ತೊಂದು. “ಆಯ್ತು ಮಾವ.” ಎಂಬತ್ತೆಂಟು. ಮಾವ ಕಷಾಯದ ಗುಣ ವರ್ಣಿಸತೊಡಗಿದರು. ಎಂಬತ್ತೈದು. ಯಂತ್ರ ಕಿರುಚಿಕೊಂಡಿತು. ಸದಾನಂದನ ತುಟಿ ನೀಲಿಯಾಗಿತ್ತು.

ಡಾಕ್ಟರ್ ಫೋನು ಕಿತ್ತುಕೊಂಡು ಕರೆ ನಿಲ್ಲಿಸಿ, ಅವನನ್ನು ಮಲಗಿಸಿದರು. ಅಂಕಿ ಮೆಲ್ಲಗೆ ಮೇಲೇರಿತು.

“ನಾನೇ ನಿಮ್ಮನ್ನು ಎದ್ದು ನಿಲ್ಲಿಸಿ ನೋಡಬೇಕು ಅಂತಿದ್ದೆ. ನಿಮ್ಮ ಮಾವ ನನ್ನ ಕೆಲಸ ಮಾಡಿಬಿಟ್ರು,” ಎಂದು ಅವರು ನಕ್ಕರು. ಆಮೇಲೆ ಕುಸುಮಾವತಿಯ ಕಡೆ ತಿರುಗಿದರು. “ಸೋಮಾರಿತನ ಅಲ್ಲಮ್ಮ. ಲಿವರ್ ಕೆಟ್ಟರೆ ಕೆಲವರಿಗೆ ಶ್ವಾಸಕೋಶದ ರಕ್ತನಾಳಗಳು ಹಿಗ್ಗುತ್ತವೆ. ಎದ್ದು ನಿಂತರೆ ರಕ್ತಕ್ಕೆ ಆಮ್ಲಜನಕ ಸಾಲಲ್ಲ.”

ಬೆಳಿಗ್ಗೆ ಬೆಳಿಗ್ಗೆ ಅವನ ಹೊದಿಕೆ ಎಳೆದು ಬಿಸಾಡಿದ ಕೈಗಳನ್ನು ಕುಸುಮಾವತಿ ಸೆರಗಿನಲ್ಲಿ ಮುಚ್ಚಿಕೊಂಡಳು. “ಹಾಗಾದ್ರೆ... ನನ್ನ ಲಿವರ್ ಇನ್ನು ಬೇಡವಾ?”

“ಈಗಲೇ ಹೆಚ್ಚು ಬೇಕು. ಇದಕ್ಕೆ ಸರಿಯಾದ ಮದ್ದು ಹೊಸ ಲಿವರೇ. ಇನ್ನೊಂದೆರಡು ಪರೀಕ್ಷೆ ಮಾಡಿ, ಬೇಗ ಮುಗಿಸೋಣ. ಅಲ್ಲಿವರೆಗೆ ಸುಮ್ಮಸುಮ್ಮನೆ ಎಬ್ಬಿಸಬೇಡಿ.”

ಡಾಕ್ಟರ್ ಅತ್ತ ಹೋದರೋ ಇಲ್ಲವೋ, ಮತ್ತೆ ಮಾವನ ಕರೆ. ಸದಾನಂದ ಮೊಣಕೈ ಊರಿದ.

“ಏಳಬೇಡಿ!” ಮದುವೆಯಾದಂದಿನಿಂದ ಕುಸುಮಾವತಿಯ ಬಾಯಲ್ಲಿ ಬಾರದ ಮಾತು ಅದು. ಅವನ ತಲೆದಿಂಬು ಎಳೆದು ತೆಗೆದಳು. ಅಂಗಿಯ ಗುಂಡಿ ಹಾಕಿದಳು. ಸ್ಟೂಲು ಹತ್ತಿ, ಫೋನನ್ನು ನೇರ ಅವನ ಮೇಲೆ ಹಿಡಿದಳು. ಫೋನಿನ ಪರದೆಯಲ್ಲಿ ಬಿಳಿ ಹಾಸಿಗೆ ಗೋಡೆಯಾಗಿತ್ತು. ಅದರ ಮುಂದೆ ಸದಾನಂದ ಕೈಮುಗಿದು, ನೆಟ್ಟಗೆ, ವಿನಯವಾಗಿ ನಿಂತಿದ್ದ.

ಮಾವ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದರು.

“ಎಷ್ಟು ಹೊತ್ತು ಹಾಗೆ ನಿಂತಿರ್ತಿ ಮಾರಾಯ? ಹುಷಾರಿಲ್ಲದವ, ಸ್ವಲ್ಪ ಮಲಕ್ಕೋ.”