ಕಾಲಿಗೆ ಮಾಡಿದ ಉಪಚಾರ

ಚಳಿಗಾಲ ಮುಗಿಯುತ್ತ ಬಂದಿತ್ತು. ಬೆಳಗಿನ ಬಿಸಿಲು ಇನ್ನೂ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ದರ್ಜಿಯೊಬ್ಬನ ಕತ್ತರಿಗೆ ಸಾಣೆ ಹಿಡಿಯುತ್ತಿದ್ದವನು ಚಕ್ರ ತುಳಿಯುವುದನ್ನು ನಿಲ್ಲಿಸಿ, ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ಆ ಚಳಿಯಲ್ಲೂ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಒಳಗಿನಿಂದ ಓಡಿಬಂದ ಹೆಂಡತಿ ಎದೆ ಮುಟ್ಟಲಿಲ್ಲ, ಮುಖ ನೋಡಲಿಲ್ಲ. ನೆಲದ ಮೇಲೆ ಕೂತು, ಅವನ ಎಡಗಾಲಿನ ಪ್ಯಾಂಟನ್ನು ಮೊಣಕಾಲಿನ ತನಕ ಸರಿಸಿ, ಕಾಲನ್ನು ತಡವಿ ತಡವಿ ನೋಡಿದಳು. ಊತವಿಲ್ಲ, ಗಾಯವಿಲ್ಲ. "ಏನೂ ಆಗಿಲ್ಲ ರೀ, ಕಾಲು ಚೆನ್ನಾಗೇ ಇದೆ," ಅಂದಳು. ಅವನಿಗೆ ಉಸಿರು ಎಳೆದುಕೊಳ್ಳಲೂ ಆಗುತ್ತಿರಲಿಲ್ಲ.

ಅವಳ ಲೆಕ್ಕವೇ ಬೇರೆ. ಹಿಂದೆ ಬೈಪಾಸ್ ಆಪರೇಷನ್ ಆದಾಗ ಆ ಎಡಗಾಲಿನಿಂದಲೇ ರಕ್ತನಾಳ ಬಿಡಿಸಿ, ತುಂಡು ಮಾಡಿ, ಅವನ ಹೃದಯಕ್ಕೆ ಹೊಲಿದಿದ್ದರು. ಕೊಂಬೆ ಎದೆಗೆ ಹೋದರೂ ಬೇರು ಕಾಲಲ್ಲೇ ಉಳಿದಿದೆ, ಬೇರು ಚೆನ್ನಾಗಿದ್ದರೆ ಕೊಂಬೆಗೆ ಕೇಡಿಲ್ಲ ಎಂದು ಅವಳು ನಂಬಿದ್ದಳು. ಅಂದಿನಿಂದ ಸಾಣೆಯ ಚಕ್ರವನ್ನು ಅವನು ಬಲಗಾಲಲ್ಲೇ ತುಳಿಯಬೇಕು. ಎಡಗಾಲಿಗೆ ಮೆತ್ತೆ ಹಾಕಿದ ಮಣೆ, ಸಂಜೆಗೆ ಬೆಚ್ಚನೆಯ ಎಣ್ಣೆ, ಮಲಗುವಾಗ ಉಣ್ಣೆಯ ಕಾಲುಚೀಲ. ಗಿರಾಕಿಗಳು ಮುಸಿಮುಸಿ ನಕ್ಕರೆ ಅವನೂ ನಗುತ್ತಿದ್ದ. "ಈ ಕಾಲು ನಮ್ಮನೆ ಅಳಿಯ ಇದ್ದ ಹಾಗೆ ಕಣಪ್ಪ. ಕೆಲಸ ಹೇಳೋ ಹಾಗಿಲ್ಲ, ಉಪಚಾರ ತಪ್ಪಿಸೋ ಹಾಗಿಲ್ಲ."

ಆಸ್ಪತ್ರೆಯಲ್ಲಿ ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಅವಳನ್ನು ಒಳಗೆ ಕರೆದು, ಪರದೆಯ ಮೇಲೆ ಆ ನಾಳಗಳ ಚಿತ್ರ ತೋರಿಸಿದರು. ಒಂದು ಕಪ್ಪು ಗೆರೆ ಅರ್ಧಕ್ಕೇ ನಿಂತುಹೋಗಿತ್ತು. ಇನ್ನೊಂದು ನೂಲಿನಷ್ಟು ಸಣ್ಣಗಾಗಿತ್ತು. ಅವಳು ಚಿತ್ರ ನೋಡಿದರೂ ನೋಡದವಳ ಹಾಗೆ, ತಾನು ಆ ಕಾಲಿಗೆ ಒಂದು ಗೀರೂ ಬೀಳದಂತೆ ಕಾಪಾಡಿದ್ದನ್ನು ಮೊದಲಿನಿಂದ ಹೇಳತೊಡಗಿದಳು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕಾಲಿಗೂ ಆ ನಾಳಕ್ಕೂ ಸಂಬಂಧ ಆಪರೇಷನ್ ದಿನವೇ ಮುಗೀತಮ್ಮ. ಕಾಲಲ್ಲಿ ಇದ್ದಾಗ ಅದರೊಳಗೆ ರಕ್ತ ಮೆಲ್ಲಗೆ ಹೋಗ್ತಿತ್ತು. ತೆಳ್ಳಗಿದ್ದರೂ ನಡೀತಿತ್ತು. ಹೃದಯದ ಹತ್ತಿರ ಹಾಗಲ್ಲ, ಒಂದೊಂದು ಬಡಿತಕ್ಕೂ ರಕ್ತ ಗುದ್ದಿಕೊಂಡು ಬರುತ್ತೆ. ಅದನ್ನ ತಡ್ಕೊಳ್ಳೋಕೆ ನಾಳ ತನ್ನ ಗೋಡೆ ದಪ್ಪ ಮಾಡ್ಕೊಳ್ಳುತ್ತೆ. ಕೆಲವರಲ್ಲಿ ಅಷ್ಟಕ್ಕೇ ನಿಲ್ಲುತ್ತೆ. ಇವರಲ್ಲಿ ನಿಲ್ಲಲಿಲ್ಲ. ಒಳಗಡೆಗೂ ಬೆಳೆದು, ಮೇಲೆ ಕೊಬ್ಬು ಕೂತು, ದಾರಿಯನ್ನೇ ಮುಚ್ಚಿದೆ."

ಇದು ಶುರುವಾದದ್ದು ಯಾವಾಗ ಎಂದು ಅವಳು ಕೇಳಿದಳು. ಹೊಲಿದ ದಿನದಿಂದಲೇ ಬದಲಾಗಲು ಶುರುವಾಗುತ್ತದೆ ಎಂದರು ಡಾಕ್ಟರಮ್ಮ. ಆಪರೇಷನ್ ಮುಗಿಸಿ ಮನೆಗೆ ಬಂದ ದಿನ ಅವಳು ಓಣಿಯವರನ್ನೆಲ್ಲ ಕರೆದು, ಹೊಸ ಜೀವ ತಂದೆವು ಎಂದು ಹೇಳಿಕೊಂಡಿದ್ದಳು. ಆ ಹೊತ್ತಿಗಾಗಲೇ ಅದು ಒಳಗೊಳಗೆ ಕೆಲಸ ಹಿಡಿದಿತ್ತು. ಡಾಕ್ಟರಮ್ಮ ಇನ್ನೊಂದು ಮಾತನ್ನೂ ಸೇರಿಸಿದರು: "ನಿಮ್ಮ ಯಜಮಾನರು ಹೇಳಿಲ್ವಾ? ವರ್ಷಾ ವರ್ಷಾ ಬಂದು ತೋರಿಸ್ಕೊಂಡು ಹೋಗ್ತಿದ್ರಲ್ಲ. ಮಾತ್ರೇನೂ ಬಿಟ್ಟಿಲ್ಲ. ಹೋದ ಸಲವೇ ನಾಳ ಸಣ್ಣಗಾಗ್ತಿದೆ ಅಂದಿದ್ದೆ."

ವರ್ಷಕ್ಕೊಮ್ಮೆ ಅವನು ಸಾಣೆಕಲ್ಲು ತರುತ್ತೇನೆಂದು ಬೆಳಗ್ಗೆ ಹೊರಟು ಸಂಜೆ ಬರಿಗೈಯಲ್ಲಿ ಬಂದು, ಒಳ್ಳೆಯ ಕಲ್ಲು ಸಿಗಲಿಲ್ಲ ಎನ್ನುತ್ತಿದ್ದ. ಅವನು ಹೋಗುತ್ತಿದ್ದುದು ಇಲ್ಲಿಗೇ ಎಂದು ಅವಳಿಗೆ ಈಗ ಹೊಳೆಯಿತು. ನೇರ ಹೋಗಿ ಅವನ ಮಂಚದ ಪಕ್ಕ ನಿಂತಳು.

"ನಿಮಗೆ ಎಲ್ಲಾ ಗೊತ್ತಿತ್ತು."

ಅವನು ಹೊದಿಕೆಯನ್ನು ಎದೆಯ ಮೇಲಕ್ಕೆ ಎಳೆದುಕೊಂಡ. ಅವಳು ಬಿಡಲಿಲ್ಲ. ಗೊತ್ತಿದ್ದೂ ದಿನಾ ಕಾಲು ಚಾಚಿ ಎಣ್ಣೆ ಹಚ್ಚಿಸಿಕೊಂಡಿರಲ್ಲ, ನನ್ನನ್ನು ಏನೆಂದು ತಿಳಿದಿರಿ ಎಂದು ಕೇಳಿದಳು. ಅವನು ತಡೆದು ತಡೆದು ಮಾತಾಡಿದ.

"ಆಪರೇಷನ್ ಆದ್ಮೇಲೆ ನೀನು ನನ್ನ ಎದೆ ಕಡೆ ಕಣ್ಣೆತ್ತಿ ನೋಡಿಲ್ಲ. ಅಂಗಿ ಬಿಚ್ಚಿದ್ರೆ ಗೋಡೆ ಕಡೆ ತಿರುಗ್ತಿದ್ದೆ. ಕಾಲು ನೋಡೋಕೆ ಮಾತ್ರ ನಿನಗೆ ಧೈರ್ಯ ಇತ್ತು. ಇರೋ ಧೈರ್ಯ ಯಾಕೆ ಕಿತ್ಕೊಳ್ಳಲಿ ಅಂತ ಬಿಟ್ಟೆ."

"ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದು?"

"ಕಾಲಿಗೆ ಹಿತವಾಗಿತ್ತು ಕಣೇ," ಅಂದು ಅವನು ನಗಲು ಹೋದ. ಕೆಮ್ಮು ಬಂತು.

ನೂಲಿನಷ್ಟು ಉಳಿದ ದಾರಿಯಲ್ಲಿ ಸ್ಟೆಂಟ್ ಎಂಬ ತಂತಿಯ ಬಲೆ ಕೂರಿಸಿ ಅಗಲ ಮಾಡಿ ನೋಡುತ್ತೇವೆ, ಆದರೆ ಭರವಸೆ ಕೊಡಲಾರೆವು ಎಂದು ಹೇಳಿ, ಸೋಮವಾರ ಬೆಳಗ್ಗೆ ಆಸ್ಪತ್ರೆಯವರು ಅವನನ್ನು ಕರೆದೊಯ್ಯಲು ಬಂದರು. ಗಾಡಿಮಂಚ ಬಾಗಿಲು ದಾಟುವ ಮೊದಲು ಅವಳು ಅದರ ಕಂಬಿ ಹಿಡಿದು ನಿಲ್ಲಿಸಿದಳು. ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಗಂಟಲಿನ ಕುಳಿಯಿಂದ ಕೆಳಗಿನ ತನಕ ಹಳೆಯ ಹೊಲಿಗೆಯ ಬಿಳಿಚಿಕೊಂಡ ಗೆರೆ ಹುರಿಯ ಹಾಗೆ ಉಬ್ಬಿ ನಿಂತಿತ್ತು. ಈ ಸಲ ಅವಳು ತಿರುಗಲಿಲ್ಲ. ಅದರ ಮೇಲೆ ಬಲ ಅಂಗೈಯನ್ನು ಊರಿದಳು. ಊರಿದವಳೇ ಬೆಚ್ಚಿಬಿದ್ದಳು.

"ಇಷ್ಟು ಜೋರಾ ರೀ ಇದು ಗುದ್ದೋದು?"

ಅವನು ಕಣ್ಣಲ್ಲೇ ಹೌದೆಂದ. ಬಾಗಿಲು ಮುಚ್ಚಿತು.

ಬುಧವಾರ ಮಧ್ಯಾಹ್ನ ಅವನು ತೀರಿಹೋದ. ಆಸ್ಪತ್ರೆಯವರು ಏನೇನೋ ಕೇಳಿದರು, ಅವಳು ತಲೆಯಾಡಿಸಿದಳು. ಯಾರೋ ನೀರಿನ ಲೋಟ ಮುಂದೆ ಹಿಡಿದರು. ಅವಳು ಎಡಗೈ ಚಾಚಿ ತೆಗೆದುಕೊಂಡಳು. ಬಲಗೈ ಮಾತ್ರ ಮಡಿಲಲ್ಲಿ ಅರ್ಧ ತೆರೆದೇ ಇತ್ತು, ಬಿಗಿ ಹಿಡಿದರೆ ಸತ್ತೀತು ಎಂಬಂಥ ಒಂದು ಹಕ್ಕಿಮರಿಯನ್ನು ಅದರಲ್ಲಿ ಇಟ್ಟುಕೊಂಡವಳ ಹಾಗೆ.