ಏಳನೆಯ ಕಿಂಡಿ

ಚಳಿಗಾಲದಲ್ಲಿ ಕೆರೆಯೇ ಕಲ್ಲಿನಂತೆ ಹೆಪ್ಪುಗಟ್ಟುವ ಊರು ಅದು. ಮಂಜುಗಡ್ಡೆಯಲ್ಲಿ ಕಿಂಡಿ ಕೊರೆದು ಮೀನು ಹಿಡಿಯುವ ಪಂದ್ಯಕ್ಕೆ ಹೈಸ್ಕೂಲಿನ ಆರು ಮಕ್ಕಳ ತಂಡ ತಯಾರಾಗುತ್ತಿತ್ತು. ಇಡೀ ಊರೇ ಬೆನ್ನಿಗೆ ನಿಂತಿತ್ತು. ಬೇಕರಿಯವರು ಬನ್ನು ಕೊಟ್ಟರು, ದರ್ಜಿ ದಪ್ಪ ಕೋಟು ಹೊಲಿದುಕೊಟ್ಟ. ದಡದ ಮನೆಯಲ್ಲಿ ಒಂಟಿಯಾಗಿದ್ದ ಮುದುಕ, ಪ್ರತಿ ಶನಿವಾರ ಮಕ್ಕಳು ಬರುವಷ್ಟರಲ್ಲಿ ಬೈರಿಗೆ ತಿರುಗಿಸಿ ಕಿಂಡಿಗಳನ್ನು ಕೊರೆದಿಡುತ್ತಿದ್ದ. ಆರಲ್ಲ, ಏಳು.

"ನಾವು ಆರೇ ಜನ ಅಲ್ವಾ ಅಜ್ಜ?" ತಂಡದ ಹುಡುಗಿ ಮೊದಲ ವಾರವೇ ಕೇಳಿದಳು.

"ಇರಲಿ ಬಿಡವ್ವ, ಇನ್ನೊಬ್ರು ಕೂತ್ಕೋಬಹುದಲ್ಲ," ಎಂದು ಅವನು ಕೋಟಿನ ಗುಂಡಿ ಸವರಿಕೊಂಡ.

ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದರು. "ಅಜ್ಜನ ಹೆಂಡ್ತಿ ಹೋದ ವರ್ಷ ತೀರ್ಕೊಂಡ್ರು. ಇಬ್ರೂ ಇಲ್ಲೇ ಕೂತು ಮೀನು ಹಿಡೀತಿದ್ರು. ಆ ಕಿಂಡಿ ಅವರ ನೆನಪಿಗೇ ಇರ್ಬೇಕು. ಯಾರೂ ಅಲ್ಲಿ ಗಾಳ ಹಾಕ್ಬೇಡಿ."

ಅಂದಿನಿಂದ ಮಕ್ಕಳು ಅದರ ಹತ್ತಿರ ಬಂದರೆ ಟೋಪಿ ತೆಗೆದು, ಮಾತು ನಿಲ್ಲಿಸಿ, ಸುತ್ತು ಹಾಕಿ ಹೋಗುತ್ತಿದ್ದರು. ಕೊನೆಯ ಶನಿವಾರ ಹುಡುಗಿ ಅದರ ಅಂಚಿಗೆ ಕಾಗದದ ಹೂವೊಂದನ್ನು ಇಟ್ಟಳು.

ಮುದುಕ ಇನ್ನೂ ಅಲ್ಲೇ ನಿಂತಿದ್ದ. "ಇವತ್ತೂ ಆರೇ ಜನಾನಾ?"

"ಹೂಂ ಅಜ್ಜ. ನೀವೇನೂ ಯೋಚ್ನೆ ಮಾಡ್ಬೇಡಿ. ಆ ಜಾಗದಲ್ಲಿ ಯಾರನ್ನೂ ಕೂರೋಕೆ ಬಿಡಲ್ಲ."

"ಒಳ್ಳೇದಾಯ್ತು ಕಣವ್ವ," ಎಂದು ಮುದುಕ ದಡ ಹತ್ತಿ ಮನೆಗೆ ಹೋದ. ಕೋಟು ಬಿಚ್ಚಿ, ಎಲ್ಲ ಶನಿವಾರಗಳಂತೆ ಅಂದೂ ಅದರೊಳಗೆ ಮುಚ್ಚಿಟ್ಟುಕೊಂಡು ಹೋಗಿದ್ದ ತನ್ನ ಪುಟ್ಟ ಗಾಳದ ಕೋಲನ್ನು ಮತ್ತೆ ಮೊಳೆಗೆ ತೂಗುಹಾಕಿದ.