ಪರದೆಯ ಈಚೆ ಇಬ್ಬರು

"ನೀನ್ಯಾಕೆ ಬಂದೆ ಇಲ್ಲಿಗೆ?" ಚಿಕ್ಕಮ್ಮ ಹಲ್ಲು ಕಚ್ಚಿಕೊಂಡೇ ಕೇಳಿದಳು.

"ನೀವ್ಯಾಕೆ ಬಂದಿದ್ದೀರೋ ಅದಕ್ಕೇ, ಚಿಕ್ಕಮ್ಮ," ಎಂದಳು ಗುಬ್ಬಿ, ಕಣ್ಣು ತಪ್ಪಿಸುತ್ತಾ.

ರಂಗಮಂದಿರದ ಕಾರಿಡಾರಿನಲ್ಲಿ ಪಿಯಾನೋ ನುಡಿಸುವವರು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಇದ್ದದ್ದು ಒಂದೇ ಒಂದು ಕೆಲಸ: ಗಾಯಕರ ತಂಡದ ತಾಲೀಮಿಗೆ ದಿನವೂ ಪಿಯಾನೋ ನುಡಿಸುವುದು. ತಿಂಗಳ ಸಂಬಳ, ಕಾಯಂ ನೌಕರಿ. ಚಿಕ್ಕಮ್ಮನನ್ನು ಬಿಟ್ಟರೆ ಉಳಿದವೆಲ್ಲ ನಿನ್ನೆ ಮೊನ್ನೆ ಕಾಲೇಜು ಮುಗಿಸಿದ ಮುಖಗಳು. ಸಂಗೀತ ಕಾಲೇಜುಗಳು ವರ್ಷಕ್ಕೊಂದು ದಂಡನ್ನೇ ಹೊರಗೆ ಬಿಡುತ್ತವೆ. ಹೋಟೆಲಿನವರು ಪಿಯಾನೋ ಮಾರಿ ಸ್ಪೀಕರ್ ಇಟ್ಟುಕೊಂಡಿದ್ದಾರೆ. ಕಲಿತವರು ಹೊಟ್ಟೆಪಾಡಿಗೆ ಇನ್ನಷ್ಟು ಜನಕ್ಕೆ ಕಲಿಸುತ್ತಾರೆ, ಅವರೂ ಬೆಳೆದು ಇದೇ ಸಾಲಿನಲ್ಲಿ ಬಂದು ಕೂರುತ್ತಾರೆ. ಚಿಕ್ಕಮ್ಮ ಅರ್ಧ ಆಯಸ್ಸು ನುಡಿಸಿದ್ದ ನೃತ್ಯಶಾಲೆ ಹೋದ ತಿಂಗಳು ರೆಕಾರ್ಡಿಂಗ್‌ಗೆ ಬಡ್ತಿ ಕೊಟ್ಟು ಅವಳನ್ನು ಮನೆಗೆ ಕಳಿಸಿತ್ತು. ಐವತ್ತು ದಾಟಿದವಳ ಅರ್ಜಿಯನ್ನು ಬೇರೆಲ್ಲೂ ತೆರೆದು ಕೂಡ ನೋಡಿರಲಿಲ್ಲ. ಇಲ್ಲಿ ಪರದೆ ಕಟ್ಟುತ್ತಾರೆಂದು ಕೇಳಿಯೇ ಅವಳು ಬಂದದ್ದು.

ತೀರ್ಪುಗಾರರು ಪರದೆಯ ಆಚೆ, ನುಡಿಸುವವರು ಈಚೆ. ಹೆಸರು, ಮುಖ, ವಯಸ್ಸು ಯಾವುದೂ ಆಚೆಗೆ ಗೊತ್ತಾಗಬಾರದು. ಹೆಜ್ಜೆಯ ಸದ್ದಿನಿಂದ ಗಂಡೋ ಹೆಣ್ಣೋ ತಿಳಿದೀತೆಂದು ಚಪ್ಪಲಿಯನ್ನೂ ಹೊರಗೇ ಬಿಡಬೇಕು. ಒಳಗೆ ಬಾಯಿ ಬಿಟ್ಟರೆ ಅಲ್ಲಿಗೆ ಆಟ ಮುಗಿಯಿತು. ನಾಲ್ಕನೇ ನಂಬರಿನ ಚಿಕ್ಕಮ್ಮ ಬರಿಗಾಲಲ್ಲಿ ಹೋಗಿ ಜೀವ ತೇಯ್ದು ನುಡಿಸಿದಳು. ಮುಗಿದಾಗ ಆಚೆಯಿಂದ ಯಾರೋ ಮೆಲ್ಲಗೆ "ಭೇಷ್" ಎಂದದ್ದು ಕೇಳಿ ಎದೆ ಹಗುರಾಯಿತು. ಗುಬ್ಬಿಯದು ಏಳನೇ ನಂಬರು. ಅವಳು ಒಳಗೆ ಹೋಗಿ ಅರ್ಧ ನುಡಿಸಿರಲಿಲ್ಲ, ಹಿರಿಯ ತೀರ್ಪುಗಾರನ ಗಂಟಲು ಕಾರಿಡಾರಿಗೆಲ್ಲ ಕೇಳಿಸಿತು.

"ನಿಲ್ಸಿ! ಇದು ಆ ನಾಲ್ಕನೇ ನಂಬರ್. ಎರಡನೇ ಸಲ ಬಂದು ಕೂತಿದೆ!"

"ಇಲ್ಲ ಸಾರ್, ಇವರು ಬೇರೆ," ಎಂದ ಬಾಗಿಲು ಕಾಯುವವನು. "ನಾನೇ ಕಳಿಸಿದ್ದು."

"ನಿನ್ನ ಕಣ್ಣು ಮೋಸ ಹೋಗಬಹುದು ಕಣಯ್ಯ, ನನ್ನ ಕಿವಿ ಹೋಗಲ್ಲ. ಎಡಗೈಯ ಕೆಳಗಿನ ಸ್ವರ ಕೂದಲೆಳೆಯಷ್ಟು ಮುಂಚೆ ಬೀಳುತ್ತೆ. ಹಾಗೆ ನುಡಿಸೋರು ಊರಲ್ಲಿ ಇಬ್ಬರು ಇರೋಕೆ ಸಾಧ್ಯವಿಲ್ಲ. ಏಳನೇ ನಂಬರ್ ರದ್ದು!"

ಆ ಎಡಗೈಯ ಚಾಳಿ ಎಲ್ಲಿಂದ ಬಂತೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಅವಳದು ಪುಟ್ಟ ಕೈ. ಪಿಯಾನೋದ ದೂರದ ಎರಡು ಮನೆಗಳು ಬೆರಳಿಗೆ ಒಟ್ಟಿಗೆ ಎಟುಕದೆ, ಕಿರುಬೆರಳಿನಿಂದ ಕೆಳಗಿನದನ್ನು ಮೊದಲು ಒತ್ತಿ ಆಮೇಲೆ ಮೇಲಿನದಕ್ಕೆ ಹಾರುತ್ತಿದ್ದಳು. ಅಕ್ಕನ ಮಗಳು ಗುಬ್ಬಿಗೆ ಉದ್ದುದ್ದ ಬೆರಳು, ಹಾಗೆ ಹಾರುವ ಕರ್ಮ ಅವಳಿಗಿರಲಿಲ್ಲ. ಆದರೆ ಚಿಕ್ಕಮ್ಮನ ಮಡಿಲಲ್ಲಿ ಕೂತು ಕಲಿತವಳು ಕುಂದನ್ನೂ ಪಾಠವೆಂದೇ ಕಲಿತುಬಿಟ್ಟಳು. ತಿದ್ದಬಹುದಿತ್ತು. ಮಗು ಥೇಟ್ ತನ್ನ ಹಾಗೇ ನುಡಿಸುತ್ತದೆಂದು ಹಿಗ್ಗಿ ಚಿಕ್ಕಮ್ಮ ತಿದ್ದಿರಲಿಲ್ಲ.

ಅರೆತೆರೆದ ಬಾಗಿಲಿನಿಂದ ಗುಬ್ಬಿ ಕಾಣುತ್ತಿದ್ದಳು. ತುಟಿ ಬಿಗಿದು ಕೂತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಮಾತಾಡಿದರೂ ಕೆಟ್ಟಳು, ಆಡದಿದ್ದರೂ ಕೆಟ್ಟಳು. ಚಿಕ್ಕಮ್ಮ ಸುಮ್ಮನೆ ಕೂತಿದ್ದರೆ ಸಾಕಿತ್ತು. ಮೆಚ್ಚಿಗೆ ನಾಲ್ಕನೇ ನಂಬರಿಗೆ ಸಿಕ್ಕಾಗಿತ್ತು, ಕೆಲಸ ತಾನಾಗಿ ಬಂದು ಮಡಿಲಿಗೆ ಬೀಳುವುದರಲ್ಲಿತ್ತು. ಅವಳು ಕೂತಳು ಕೂಡ, ಎದುರಿನ ಗೋಡೆಯನ್ನೇ ನೋಡುತ್ತಾ. ಆಮೇಲೆ "ಹಾಳಾಗಿ ಹೋಗಲಿ" ಎಂದು ಗೊಣಗಿ ಎದ್ದು, ಬಾಗಿಲು ಕಾಯುವವನನ್ನು ಪಕ್ಕಕ್ಕೆ ಸರಿಸಿ ಒಳಗೆ ನಡೆದಳು.

ಗುಬ್ಬಿಯನ್ನು ಸೊಂಟದಿಂದ ತಳ್ಳಿ ಅದೇ ಬೆಂಚಿನ ತುದಿಯಲ್ಲಿ ಕೂತಳು. ಕಣ್ಣಲ್ಲೇ "ಹೂಂ" ಎಂದಳು. ಇಬ್ಬರೂ ಅದೇ ತುಣುಕನ್ನು ಒಟ್ಟಿಗೆ ಎತ್ತಿಕೊಂಡರು, ಚಿಕ್ಕಮ್ಮ ಕೆಳಗಿನ ಮನೆಗಳಲ್ಲಿ, ಗುಬ್ಬಿ ಮೇಲಿನವುಗಳಲ್ಲಿ. ಎರಡು ಎಡಗೈಗಳೂ ಅದೇ ಜಾಗದಲ್ಲಿ, ಅಷ್ಟೇ ಮುಂಚೆ ಬಿದ್ದವು. ಚಿಕ್ಕಮ್ಮನಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

ನುಡಿಸಿ ಮುಗಿಸಿದಾಗ ಆಚೆ ಕುರ್ಚಿಗಳು ಕರಕರ ಎಂದವು, ಗುಸುಗುಸು ಶುರುವಾಯಿತು.

"ಸರಿ, ಇಬ್ಬರು ಇದ್ದಾರೆ. ನನ್ನ ತಪ್ಪು, ಏಳನ್ನ ಉಳಿಸ್ಕೊಳ್ಳಿ," ಎಂದ ಹಿರಿಯ ತೀರ್ಪುಗಾರ. "ಇವರಿಗಿಂತ ಚೆನ್ನಾಗಿ ನುಡಿಸೋರು ಇನ್ನು ಬರೋದೂ ಇಲ್ಲ. ಆದ್ರೆ ಕೈ ಎರಡೂ ಒಂದೇ ಅಂದ್ಮೇಲೆ ಆರಿಸೋದು ಹೇಗೆ?"

"ಜಾಸ್ತಿ ವರ್ಷ ಕೆಲಸಕ್ಕೆ ಬರೋರನ್ನ ಇಟ್ಕೊಳ್ಳೋಣ," ಎಂದಿತು ಇನ್ನೊಂದು ದನಿ.

"ಅದೂ ಸರಿಯೇ. ಏನಪ್ಪಾ, ಬಾಗಿಲಲ್ಲಿರೋನೇ, ಇವರಿಬ್ಬರಲ್ಲಿ ವಯಸ್ಸಲ್ಲಿ ಚಿಕ್ಕೋರು ಯಾರು?"

ಬಾಗಿಲು ಕಾಯುವವನು ಚಿಕ್ಕಮ್ಮನ ನೆರೆತ ತಲೆಯನ್ನು ನೋಡಿದ, ಆಮೇಲೆ ಗುಬ್ಬಿಯ ಕಡೆ ನೋಡಿದ. ಗುಬ್ಬಿ ತಟ್ಟನೆ ಎದ್ದು ನಿಂತು, ಏನನ್ನೋ ಕೂಗಿ ಹೇಳಲು ಬಾಯಿ ತೆರೆದಳು.

ಚಿಕ್ಕಮ್ಮ ಬಲಗೈಯನ್ನು ಅವಳ ಬಾಯಿಗೆ ಒತ್ತಿ ಹಿಡಿದಳು, ಬೇಕಾದ್ದಕ್ಕಿಂತ ತುಸು ಬಿಗಿಯಾಗಿಯೇ. ಎಡಗೈಯ ಬೆರಳೆತ್ತಿ, ಬಾಗಿಲು ಕಾಯುವವನಿಗೆ ಗುಬ್ಬಿಯನ್ನು ತೋರಿಸಿದಳು.